ನಾವು ಆಡದ ಮಾತು ನಡಾವಳಿ ಪುಸ್ತಕದಲ್ಲಿದೆ: ನಮ್ಮ ಸೊಸೈಟಿಯ ಸದಸ್ಯರಿಗೆ ಒಂದು ಬಹಿರಂಗ ಪತ್ರ

ನಮ್ಮ ಗೃಹನಿರ್ಮಾಣ ಸಹಕಾರಿ ಸೊಸೈಟಿಯ ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಆಡಳಿತ ಸಮಿತಿಯವರಿಗೆ ಮತ್ತು 42 ಮನೆಗಳ ಸಮಸ್ತ ಸದಸ್ಯರಿಗೆ,

ಸಾದರ ವಂದನೆಗಳು.

ಭಾಂಡುಪ್ ಪಶ್ಚಿಮದ ನಮ್ಮ ಕಟ್ಟಡದ ನಾಲ್ಕನೆಯ ಮಹಡಿಯಲ್ಲಿ ನಾನು 1988ರಿಂದ ವಾಸವಾಗಿದ್ದೇನೆ. ಮಹಾನಗರಪಾಲಿಕೆಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ 29 ವರ್ಷ ಪಾಠ ಹೇಳಿ ನಿವೃತ್ತಳಾದವಳು. ನಮ್ಮ ಯಜಮಾನರು ತೀರಿಕೊಂಡ ಮೇಲೆ ಷೇರು ಸರ್ಟಿಫಿಕೇಟು ನನ್ನ ಹೆಸರಿಗೆ ಬಂದು, ಆರು ವರ್ಷಗಳಿಂದ ಸೊಸೈಟಿಯ ಸಭೆಗಳಿಗೆ ಸದಸ್ಯಳಾಗಿ ಬರುತ್ತಿದ್ದೇನೆ. ಈ ಪತ್ರದ ವಿಷಯವನ್ನು, ಅಂದರೆ ನೆಲ ಅಂತಸ್ತಿನ ಹೋಟೆಲಿನ ವಿಸ್ತರಣೆಗಾಗಿ ನಮ್ಮ ಕಟ್ಟಡದ ಕಂಬವೊಂದನ್ನು ಕೆತ್ತಿರುವುದನ್ನು, ಮರಾಠಿಯಲ್ಲಿ ಬರೆದು ಕಚೇರಿಗೆ ಕೊಟ್ಟು, ತಲುಪಿದ್ದಕ್ಕೆ ಮೊಹರು ಹಾಕಿಸಿಕೊಂಡಿದ್ದೂ ಆಗಿದೆ. ಅದನ್ನೇ ಮತ್ತೆ ಕನ್ನಡದಲ್ಲಿ, ನಾಲ್ಕು ಜನರ ಕಣ್ಣಿಗೆ ಬೀಳುವಂತೆ ಬರೆಯಲು ಕಾರಣವಿದೆ. ನಮ್ಮ 42 ಮನೆಗಳಲ್ಲಿ 17 ಮನೆಗಳು ಕನ್ನಡ, ತುಳು ಮಾತನಾಡುವವರ ಮನೆಗಳು. ಕಳೆದ ಸೆಪ್ಟೆಂಬರಿನ ಕೊನೆಯ ಭಾನುವಾರ ನಡೆದ ವಾರ್ಷಿಕ ಮಹಾಸಭೆಗೆ ಬಂದಿದ್ದ 23 ಸದಸ್ಯರಲ್ಲಿ 11 ಮಂದಿ ನಾವೇ ಆಗಿದ್ದೆವು. ಆ ಹನ್ನೊಂದು ಮಂದಿ ಆ ದಿನ ಬಾಯಿ ತೆರೆಯಲಿಲ್ಲ. ಆ ಹನ್ನೊಂದರಲ್ಲಿ ನಾನೂ ಒಬ್ಬಳು ಎಂಬುದನ್ನು ಮೊದಲಿಗೇ ಒಪ್ಪಿಕೊಂಡು ಈ ಪತ್ರವನ್ನು ಮುಂದುವರಿಸುತ್ತೇನೆ.

ಆ ಸಭೆಯಲ್ಲಿ ನಡೆದದ್ದನ್ನು ನಾನು ಕಂಡಂತೆ ಹೇಳುತ್ತೇನೆ. ಲೆಕ್ಕಪತ್ರ, ನೀರಿನ ಟ್ಯಾಂಕಿ, ಲಿಫ್ಟಿನ ಒಪ್ಪಂದ ಎಲ್ಲ ಮುಗಿದು ಜನ ಏಳುವ ಹೊತ್ತಿಗೆ ಏಳನೆಯ ವಿಷಯ ಬಂತು: ನೆಲ ಅಂತಸ್ತಿನ ಮೂರು ಮತ್ತು ನಾಲ್ಕನೆಯ ಗಾಲಾಗಳನ್ನು (ಅಂಗಡಿ ಮಳಿಗೆಗಳನ್ನು) ಒಂದುಗೂಡಿಸಿ ಹೋಟೆಲನ್ನು ವಿಸ್ತರಿಸಲು ಸೊಸೈಟಿಯಿಂದ ಎನ್‌ಒಸಿ, ಅಂದರೆ ಆಕ್ಷೇಪವಿಲ್ಲವೆಂಬ ಪತ್ರ. ಕಾರ್ಯದರ್ಶಿಗಳು ಅದನ್ನು ಓದಿದರು; ಓದಿದ ಬೆನ್ನಿಗೇ, ಹೋಟೆಲಿನ ಯಜಮಾನರು ಸೊಸೈಟಿಯ ರಿಪೇರಿ ಫಂಡಿಗೆ ಐದು ಲಕ್ಷ ರೂಪಾಯಿ ಕೊಡಲು ಒಪ್ಪಿದ್ದಾರೆ, ಇದರಿಂದ ಈ ವರ್ಷ ಮೆಂಟೆನೆನ್ಸ್ ಏರಿಸುವ ಅಗತ್ಯ ಬೀಳುವುದಿಲ್ಲ ಎಂದೂ ತಿಳಿಸಿದರು. ಎರಡು ಗಾಲಾಗಳ ನಡುವೆ ಇರುವುದು ಬರೀ ಇಟ್ಟಿಗೆಯ ಗೋಡೆಯೇ, ಅಥವಾ ಅದರೊಳಗೆ ಕಟ್ಟಡದ ಕಂಬವೂ ಇದೆಯೇ ಎಂದು ಯಾರೂ ಕೇಳಲಿಲ್ಲ. ನಕ್ಷೆಯನ್ನು ಯಾರೂ ತೋರಿಸಲಿಲ್ಲ. ಎಂಜಿನಿಯರರ ಕಾಗದ ಮೇಜಿನ ಮೇಲೆ ಇರಲಿಲ್ಲ.

ಕೇಳಿದವಳು ಒಬ್ಬಳೇ, ಎರಡನೆಯ ಮಹಡಿಯಲ್ಲಿ ಬಾಡಿಗೆಗಿದ್ದ ಕಲಬುರಗಿಯ ಹುಡುಗಿ. ಸಿವಿಲ್ ಡಿಪ್ಲೊಮಾ ಮಾಡಿ ಒಬ್ಬ ಗುತ್ತಿಗೆದಾರರ ಬಳಿ ಸೈಟಿನ ಕೆಲಸಕ್ಕೆ ಹೋಗುತ್ತಿದ್ದಳು. ನೀರಿನ ದೂರು ಹೇಳಲೆಂದು ಮನೆಯ ಮಾಲೀಕರ ಪರವಾಗಿ ಬಂದು ಹಿಂದಿನ ಸಾಲಿನಲ್ಲಿ ನಿಂತಿದ್ದಳು. ಪಿಲ್ಲರನ್ನು ಮುಟ್ಟುವುದಿಲ್ಲವೆಂದು ಬರೆದುಕೊಡುತ್ತಾರೆಯೇ ಎಂದು ಮೊದಲು ಹಿಂದಿಯಲ್ಲಿ ಕೇಳಿದಳು. ಉತ್ತರ ಬರದಿದ್ದಾಗ ನಮ್ಮ ಕಡೆಗೆ ತಿರುಗಿ, "ಪಿಲ್ಲರ್ ಮುಟ್ಟೂದಿಲ್ಲ ಅಂತ ಬರದು ಕೊಡ್ತಾರೇನ್ರೀ? ಕೇಳ್ರಿ ನೀವಾದ್ರೂ," ಎಂದಳು. ನಾವು ಯಾರೂ ತಲೆ ಎತ್ತಲಿಲ್ಲ. ನನ್ನ ಕೈಯಲ್ಲಿ ಸಭೆಯ ನೋಟಿಸಿತ್ತು. ಅದರಲ್ಲಿ ಓದಲು ಏನೂ ಉಳಿದಿರದಿದ್ದರೂ ಅದನ್ನೇ ನೋಡುತ್ತ ಕುಳಿತೆ. ಸಮಿತಿಯ ಒಬ್ಬರು, "ನೀವು ಮೆಂಬರ್ ಅಲ್ಲ, ಭಾಡೇಕರು, ಕುಳಿತುಕೊಳ್ಳಿ," ಎಂದರು. ಕುಳಿತುಕೊಳ್ಳಲು ಅವಳಿಗೆ ಕುರ್ಚಿ ಇರಲಿಲ್ಲ. ಮೆಟ್ಟಿಲಿಳಿದು ಹೊರಟುಹೋದಳು.

ಮೂರು ತಿಂಗಳ ಮೇಲೆ ಸಭೆಯ ನಡಾವಳಿ ಪುಸ್ತಕವನ್ನು ನೋಡಬೇಕೆಂದು ಕೇಳಿದೆ. ಅದನ್ನು ನೋಡುವ ಹಕ್ಕು ಪ್ರತಿ ಸದಸ್ಯರಿಗೂ ಇದೆ, ಮತ್ತು ಅದನ್ನು ತಡೆಯದೆ ತೋರಿಸಿದ್ದಕ್ಕಾಗಿ ಕಾರ್ಯದರ್ಶಿಗಳಿಗೆ ನಾನು ಕೃತಜ್ಞಳು. ಏಳನೆಯ ವಿಷಯದ ಎದುರಿಗೆ ಮರಾಠಿಯಲ್ಲಿ ಎರಡೇ ಪದ ಬರೆದಿತ್ತು: "ಸರ್ವಾನುಮತೇ ಮಂಜೂರ್." ಆ ಹುಡುಗಿ ಕೇಳಿದ ಪ್ರಶ್ನೆ ಅಲ್ಲಿರಲಿಲ್ಲ, ನಮ್ಮ ಮೌನವೂ ಮೌನವಾಗಿ ಅಲ್ಲಿರಲಿಲ್ಲ. ಕೈ ಎತ್ತಿರೆಂದು ನಮ್ಮನ್ನು ಯಾರೂ ಕೇಳಿರಲಿಲ್ಲ, ನಾವು ಎತ್ತಿರಲೂ ಇಲ್ಲ. ಆದರೂ 23 ಜನ ಒಕ್ಕೊರಲಿನಿಂದ ಒಪ್ಪಿದರೆಂದು ಪುಸ್ತಕ ಹೇಳುತ್ತದೆ, ಮತ್ತು ನಾಳೆ ಸಹಕಾರಿ ಇಲಾಖೆಯ ಉಪನಿಬಂಧಕರ ಮುಂದೆ ಆಗಲಿ ನ್ಯಾಯಾಲಯದ ಮುಂದೆ ಆಗಲಿ ಮಾತನಾಡುವುದು ಆ ಪುಸ್ತಕವೇ. ಮೌನಂ ಸಮ್ಮತಿ ಲಕ್ಷಣಂ ಎಂಬುದನ್ನು ಮದುವೆಯ ಮಾತುಕತೆಗಳಲ್ಲಿ ಕೇಳುತ್ತ ಬೆಳೆದವಳು ನಾನು. ಒಂದು ಕಟ್ಟಡದ ಕಂಬಕ್ಕೂ ಅದು ಅನ್ವಯಿಸುತ್ತದೆ ಎಂದು ಅಂದು ಆ ಪುಟವನ್ನು ನೋಡುವವರೆಗೆ ನನಗೆ ಹೊಳೆದಿರಲಿಲ್ಲ.

ಕೆಲಸ ಆರಂಭವಾದದ್ದು ದೀಪಾವಳಿಯ ನಂತರದ ವಾರ. ಮೊದಲ ಎರಡು ದಿನ ಸುತ್ತಿಗೆಯ ಸದ್ದು, ಮೂರನೆಯ ದಿನದಿಂದ ಬ್ರೇಕರ್ ಯಂತ್ರದ ಸದ್ದು. ನನ್ನ ಅಡುಗೆಮನೆಯ ಹಲಗೆಯ ಮೇಲಿನ ಸ್ಟೀಲಿನ ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡತೊಡಗಿದವು. ಸಂಜೆ ನೋಡಿದರೆ ಗೋಡೆಗೆ ಒರಗಿಸಿಟ್ಟದ್ದು ಹಲಗೆಯ ಅಂಚಿಗೆ ಬಂದಿರುತ್ತಿತ್ತು. ಅಡುಗೆಮನೆಯ ಮೂಲೆಯಲ್ಲಿ ಹಾದುಹೋಗುವ ಕಂಬ ಮತ್ತು ಅದರ ಪಕ್ಕದ ಗೋಡೆ ಕೂಡುವ ಕಡೆ ಕೂದಲೆಳೆಯಷ್ಟು ಗೆರೆಯೊಂದು ಕಾಣಿಸಿತು. ಅದು ಹಳೆಯದೋ ಹೊಸದೋ ಎಂದು ತಿಳಿಯದೆ, ಗೆರೆ ಮುಗಿಯುವ ಕಡೆ ಪೆನ್ಸಿಲಿನಲ್ಲಿ ಅಡ್ಡಗೀಟು ಹಾಕಿ ತಾರೀಕು ಬರೆದೆ; ಗೆರೆಯ ಮೇಲೆ ಅಡ್ಡಲಾಗಿ, ಮಗಳ ಹಳೆಯ ನೋಟುಪುಸ್ತಕದ ಹಾಳೆಯಿಂದ ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಎರಡೂ ತುದಿಗೆ ಗೋಂದು ಹಚ್ಚಿ ಬಿಗಿಯಾಗಿ ಅಂಟಿಸಿದೆ. ಒಂಬತ್ತನೆಯ ದಿನ ಬೆಳಿಗ್ಗೆ ಹಾಲು ಕಾಯಿಸಲು ಹೋದಾಗ ಆ ಕಾಗದ ನಡುವೆ ಹರಿದಿತ್ತು. ಗೆರೆ ಪೆನ್ಸಿಲಿನ ಗೀಟನ್ನು ದಾಟಿ ಒಂದು ಗೇಣು ಮೇಲೆ ಹೋಗಿತ್ತು.

ನಾನು ಎಂಜಿನಿಯರಲ್ಲ. ಗೋಡೆಯ ಬಿರುಕಿಗೆ ಹಲವು ಕಾರಣಗಳಿರಬಹುದು, ಮಳೆಗಾಲದಲ್ಲಿ ಹೀರಿದ ನೀರು ಒಣಗಿದರೂ ಪ್ಲಾಸ್ಟರು ಬಿಡಬಹುದು. ಆದುದರಿಂದ ಅಂದು ಕೆಳಗಿಳಿದು ಹೋಗಿ ನೋಡಿದೆ. ಶಟರು ಮೊಣಕಾಲಿನ ಎತ್ತರಕ್ಕೆ ಇಳಿದಿತ್ತು. ಒಡೆದ ಕಾಂಕ್ರೀಟಿನ ಚೀಲಗಳನ್ನು ಹುಡುಗರು ಹೊರಗೆ ಸಾಗಿಸುವಾಗ ಅದನ್ನು ಮೇಲೆತ್ತಿದರು. ಎರಡು ಗಾಲಾಗಳ ನಡುವಿನ ಗೋಡೆ ಹೋಗಿತ್ತು. ಅದರ ನಡುಭಾಗದಲ್ಲಿ ಕಂಬವಿತ್ತು. ಕಂಬದ ಒಂದು ಮಗ್ಗುಲನ್ನು ಸೊಂಟದ ಎತ್ತರದಿಂದ ತಲೆಯ ಎತ್ತರದವರೆಗೆ ಕೆತ್ತಿ, ಒಳಗಿನ ಸರಳುಗಳು ಕಾಣುವಂತೆ ಮಾಡಿದ್ದರು. ಸರಳುಗಳು ತುಕ್ಕು ಹಿಡಿದು ಪದರು ಪದರಾಗಿ ಎದ್ದಿದ್ದವು, ಮತ್ತು ಅವುಗಳನ್ನು ಸುತ್ತಿ ಹಿಡಿಯುವ ರಿಂಗುಗಳಲ್ಲಿ ಎರಡನ್ನು ಕತ್ತರಿಸಲಾಗಿತ್ತು. ಟೇಬಲ್ಲು ಹಾಕಲು ಜಾಗ ಸಾಲದು, ಅದಕ್ಕೇ ಕಂಬವನ್ನು ಸ್ವಲ್ಪ "ತೆಳ್ಳಗೆ" ಮಾಡಬೇಕೆಂದು ಹೇಳಿದ್ದಾರೆ ಎಂದು ಕೆಲಸದ ಹುಡುಗನೊಬ್ಬ ಹೇಳಿದ. ಅವನು ಹೇಳಿದ್ದರಲ್ಲಿ ಮುಚ್ಚುಮರೆ ಇರಲಿಲ್ಲ. ಹೇಳಿದ ಕೆಲಸವನ್ನು ಮಾಡುತ್ತಿದ್ದ, ಅಷ್ಟೆ.

ನಮ್ಮ ಕಟ್ಟಡ 1986ರದು. ಆರ್‌ಸಿಸಿ (ಒಳಗೆ ಉಕ್ಕಿನ ಸರಳಿರುವ ಕಾಂಕ್ರೀಟಿನ) ಕಟ್ಟಡದಲ್ಲಿ ಮೇಲಿನ ಪ್ರತಿ ಮಹಡಿಯ ಭಾರ ಸ್ಲ್ಯಾಬಿನಿಂದ ಬೀಮಿಗೆ, ಬೀಮಿನಿಂದ ಕಂಬಕ್ಕೆ, ಕಂಬದಿಂದ ಬುನಾದಿಗೆ ಇಳಿಯುತ್ತದೆ. ಹೀಗಾಗಿ ಅತಿ ಹೆಚ್ಚು ಭಾರ ಹೊತ್ತಿರುವುದು ಎಲ್ಲಕ್ಕಿಂತ ಕೆಳಗಿನ, ಅಂದರೆ ಅಂಗಡಿಗಳಿರುವ ಅಂತಸ್ತಿನ ಕಂಬವೇ. ಸಮುದ್ರದ ಉಪ್ಪುಗಾಳಿ ಮತ್ತು ನಾಲ್ಕು ತಿಂಗಳ ಮಳೆ ಮುಂಬಯಿಯ ಕಾಂಕ್ರೀಟಿನೊಳಗೆ ನುಸುಳಿ ಸರಳಿಗೆ ತುಕ್ಕು ಹಿಡಿಸುತ್ತವೆ; ತುಕ್ಕು ಮೂಲ ಉಕ್ಕಿಗಿಂತ ಹೆಚ್ಚು ಜಾಗ ಬೇಡುವುದರಿಂದ ಸುತ್ತಲಿನ ಕಾಂಕ್ರೀಟನ್ನು ಒಡೆದು ಹೊರಗೆ ತಳ್ಳುತ್ತದೆ. ಸುಮಾರು ನಲವತ್ತು ವರ್ಷ ಹಾಗೆ ಸವೆದ ಕಂಬವನ್ನೇ ಟೇಬಲ್ಲಿನ ಜಾಗಕ್ಕಾಗಿ ಕೆತ್ತಲಾಗಿದೆ. 15ರಿಂದ 30 ವರ್ಷದ ಕಟ್ಟಡಗಳಿಗೆ ಐದು ವರ್ಷಕ್ಕೊಮ್ಮೆ, 30 ದಾಟಿದವುಗಳಿಗೆ ಮೂರು ವರ್ಷಕ್ಕೊಮ್ಮೆ ಸ್ಟ್ರಕ್ಚರಲ್ ಆಡಿಟ್ (ಕಟ್ಟಡದ ಬಲದ ತಪಾಸಣೆ) ಮಾಡಿಸಬೇಕೆಂದು ಸೊಸೈಟಿಗಳ ಮಾದರಿ ಉಪವಿಧಿ ಹೇಳುತ್ತದೆ. ನಮ್ಮಲ್ಲಿ ಕೊನೆಯ ಆಡಿಟ್ ಆದದ್ದು 2016ರಲ್ಲಿ. ಪ್ರತಿ ವರ್ಷದ ಸಭೆಯಲ್ಲೂ ಖರ್ಚಿನ ಮಾತು ಬಂದಾಗ ಅದು ಮುಂದಕ್ಕೆ ಹೋಗಿದೆ, ಮುಂದಕ್ಕೆ ಹಾಕಿದಾಗಲೆಲ್ಲ ಅದೂ "ಸರ್ವಾನುಮತೇ" ಆಗಿದೆ.

ಅಂದೇ ಕಾರ್ಯದರ್ಶಿಗಳ ಮನೆಗೆ ಹೋದೆ. ಅವರು ನನ್ನ ಮಾತನ್ನು ಪೂರ್ತಿ ಕೇಳಿ, "ಮೀಟಿಂಗ್‌ಮಧ್ಯೇ ಕಾ ನಾಹೀ ಬೋಲಲಾತ್, ಬಾಯಿ?" ಎಂದರು. ಸಭೆಯಲ್ಲಿ ಏಕೆ ಮಾತನಾಡಲಿಲ್ಲ ಎಂಬ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಅವರ ಮೇಲೆ ಸಿಟ್ಟಾಗುವ ಹಕ್ಕೂ ನನಗಿರಲಿಲ್ಲ. 29 ವರ್ಷ ಮಕ್ಕಳಿಗೆ ಎದ್ದು ನಿಂತು ಗಟ್ಟಿಯಾಗಿ ಹೇಳಿ ಎಂದು ಹೇಳಿಕೊಟ್ಟವಳು ನಾನು. ಆ ದಿನ ನಾನು ಎದ್ದು ನಿಂತಿದ್ದರೆ ಆ ಹುಡುಗಿಯ ಪ್ರಶ್ನೆಯನ್ನು ಸದಸ್ಯಳೊಬ್ಬಳ ಪ್ರಶ್ನೆಯಾಗಿ ಬರೆದುಕೊಳ್ಳಲೇಬೇಕಾಗುತ್ತಿತ್ತು.

ಮರುದಿನ ಪಾಲಿಕೆಯ ವಾರ್ಡ್ ಕಚೇರಿಗೆ ಲಿಖಿತ ದೂರು ಕೊಟ್ಟೆ. ನಾಲ್ಕು ದಿನಗಳಲ್ಲಿ ಇಬ್ಬರು ಬಂದು ನೋಡಿ, ಅಳತೆ ತೆಗೆದು, ಕಾಗದಪತ್ರ ತೋರಿಸುವವರೆಗೆ ಕೆಲಸ ನಿಲ್ಲಿಸಬೇಕೆಂದು ಹೇಳಿ ಹೋದರು. ಅಂದಿನಿಂದ ಶಟರು ಮುಚ್ಚಿದೆ. ಕೆತ್ತಿದ ಕಂಬ ಮಾತ್ರ ಹಾಗೆಯೇ ಇದೆ. ಅದಕ್ಕೆ ಒಂದು ಕಬ್ಬಿಣದ ಊರೆಯನ್ನೂ (ಸೈಟಿನವರು ಜಾಕ್ ಎನ್ನುವ ಆಸರೆಯನ್ನೂ) ಕೊಟ್ಟಿಲ್ಲ.

ಹೀಗೆ ಕಂಬಕ್ಕೆ ಕೈ ಹಾಕಿದರೆ ಏನಾಗುತ್ತದೆ ಎಂಬುದನ್ನು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ನಮ್ಮ ಮನೆಯ ಮುಂದಿನ ಇದೇ ಎಲ್‌ಬಿಎಸ್ ಮಾರ್ಗದಲ್ಲಿ ದಕ್ಷಿಣಕ್ಕೆ ಹೋದರೆ ಘಾಟ್‌ಕೋಪರಿನ ದಾಮೋದರ್ ಪಾರ್ಕ್ ಬರುತ್ತದೆ. ಅಲ್ಲಿನ ಸಿದ್ಧಿ ಸಾಯಿ ಎಂಬ ನಾಲ್ಕಂತಸ್ತಿನ ಕಟ್ಟಡ 2017ರ ಜುಲೈ 25ರ ಬೆಳಿಗ್ಗೆ ಕುಸಿದು 17 ಜನ ಸತ್ತರು. ನೆಲ ಅಂತಸ್ತಿನಲ್ಲಿ ಮೊದಲು ನರ್ಸಿಂಗ್ ಹೋಮ್ ಇದ್ದ ಜಾಗದಲ್ಲಿ ನವೀಕರಣದ ಕೆಲಸ ನಡೆದಿತ್ತು. ಅಲ್ಲಿ ಕಂಬಗಳಿಗೆ ಕೈ ಹಾಕಿದ್ದರೆಂದು ನಿವಾಸಿಗಳು ಆರೋಪಿಸಿದರು. 2007ರ ಜುಲೈಯಲ್ಲಿ ಬೊರಿವಲಿಯ ಲಕ್ಷ್ಮೀ ಛಾಯಾ ಕಟ್ಟಡ ಬಿದ್ದಾಗಲೂ ಮಾತು ಬಂದದ್ದು ನೆಲ ಅಂತಸ್ತಿನ ಅಂಗಡಿಯ ಕೆಲಸದ ಮೇಲೆಯೇ. 2013ರ ಸೆಪ್ಟೆಂಬರ್ 27ರಂದು ಮಜಗಾಂವ್‌ನಲ್ಲಿ ಬಾಬು ಗೇನು ಮಾರುಕಟ್ಟೆಯ ಕಟ್ಟಡ ನಸುಕಿನಲ್ಲಿ ಕುಸಿದು 61 ಜನ ಸತ್ತರು. ಅದು ಮಹಾನಗರಪಾಲಿಕೆಯದೇ ಕಟ್ಟಡ. ಅಲ್ಲಿದ್ದದ್ದು ಪಾಲಿಕೆಯ ನೌಕರರ ಕುಟುಂಬಗಳು. ನಾನೂ ಆಗ ಪಾಲಿಕೆಯ ನೌಕರಳು. ಆ ವಾರ ಶಾಲೆಯ ಸ್ಟಾಫ್ ರೂಮಿನಲ್ಲಿ ನಾವು ಬೇರೆ ಏನನ್ನೂ ಮಾತನಾಡಲಿಲ್ಲ. ಅಷ್ಟು ಮಾತನಾಡಿದವಳು ನನ್ನ ಸ್ವಂತ ಕಟ್ಟಡದ ಸಭೆಯಲ್ಲಿ ಸುಮ್ಮನೆ ಕುಳಿತೆ ಎಂಬುದು ಇಂದಿಗೂ ನನ್ನನ್ನು ಕಾಡುತ್ತದೆ.

ಈಗ ನಾವು ಸುಮ್ಮನಿದ್ದದ್ದೇಕೆ ಎಂಬ ಮಾತಿಗೆ ಬರುತ್ತೇನೆ, ಏಕೆಂದರೆ ಅದನ್ನು ಬಿಚ್ಚಿಡದೆ ಉಳಿದ ಮಾತಿಗೆ ಅರ್ಥವಿಲ್ಲ.

ಹೋಟೆಲಿನ ಯಜಮಾನರು ನಮ್ಮವರು. ಅವರ ಉಪಕಾರ ನಮ್ಮ ಹದಿನೇಳು ಮನೆಗಳಲ್ಲಿ ಯಾವ ಮನೆಯ ಮೇಲಿಲ್ಲ? ಊರಿನಿಂದ ಬಂದ ಹುಡುಗರಿಗೆ ಮೊದಲ ಕೆಲಸ ಕೊಟ್ಟವರು, ಮಲಗಲು ಹೋಟೆಲಿನ ಮಾಳಿಗೆ ಕೊಟ್ಟವರು, ಸಂಘದ ಗಣೇಶೋತ್ಸವಕ್ಕೆ ಕೇಳುವ ಮೊದಲೇ ದೇಣಿಗೆಯ ಚೀಟಿ ಹರಿಸುವವರು. ನಮ್ಮ ಯಜಮಾನರಿಗೆ ರಾತ್ರಿ ಎರಡು ಗಂಟೆಗೆ ಎದೆನೋವು ಬಂದಾಗ ತಮ್ಮ ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದು, ಬೆಳಗಾಗುವವರೆಗೆ ನನ್ನ ಜೊತೆ ಬೆಂಚಿನ ಮೇಲೆ ಕುಳಿತವರು ಅವರೇ. ಆ ಹಂಗು ನನ್ನ ನಾಲಿಗೆಯನ್ನು ಕಟ್ಟಿತು. ನಿಮ್ಮಲ್ಲಿ ಅನೇಕರ ನಾಲಿಗೆಯನ್ನು ಕಟ್ಟಿದ್ದೂ ಅದೇ ಎಂದು ನನಗೆ ಗೊತ್ತು. ನಾನು ದೂರು ಕೊಟ್ಟ ಮೇಲೆ ಕೆಳಗೆ ಕಂಪೌಂಡಿನಲ್ಲಿ ನಮ್ಮವರೇ ಒಬ್ಬರು ಹಿರಿಯರು, "ಟೀಚರೇ, ಉಂಡ ಮನೆಯ ಜಂತೆ ಎಣಿಸುವುದಾ?" ಎಂದರು. ಆ ಮಾತು ನನಗೆ ನಾಟಿತು. ಎರಡು ರಾತ್ರಿ ನಿದ್ದೆ ಬರಲಿಲ್ಲ. ಆದರೆ ಅಣ್ಣಾ, ಈ ಜಂತೆ ನಮ್ಮ ಮನೆಯದೂ ಹೌದು, ನಿಮ್ಮ ಮನೆಯದೂ ಹೌದು, ಅವರ ಗಲ್ಲಾಪೆಟ್ಟಿಗೆಯ ಮೇಲಿನದೂ ಹೌದು. ಅದನ್ನು ಎಣಿಸದೆ ಇರುವುದು ಉಪ್ಪಿನ ಋಣ ತೀರಿಸುವ ದಾರಿಯೆಂದು ನನಗೆ ಈಗ ಅನಿಸುತ್ತಿಲ್ಲ.

ಇನ್ನೊಂದು ಕಾರಣ ಇದಕ್ಕಿಂತ ಹಳೆಯದು. ಹೊಟ್ಟೆಪಾಡಿಗೆ ಬಂದವರು ನಾವು, ಪರಸ್ಥಳ, ನಮಗೇಕೆ ಊರ ಉಸಾಬರಿ ಎಂಬ ಮಾತನ್ನು ಮುಂಬಯಿಗೆ ಬಂದ ಮೊದಲ ದಿನವೇ ನನ್ನ ಮಾವನವರು ನನಗೆ ಹೇಳಿದ್ದರು. ಅವರ ಕಾಲಕ್ಕೆ ಅದು ವಿವೇಕವೇ ಆಗಿದ್ದಿರಬಹುದು. ಚಾಳಿನ ಖೋಲಿಯಲ್ಲಿ ಎಂಟು ಜನರ ಜೊತೆ ಮಲಗುತ್ತಿದ್ದವರಿಗೆ ಜಗಳವಿಲ್ಲದೆ ದಿನ ಕಳೆಯುವುದೇ ದೊಡ್ಡದು. ಆದರೆ ಮನೆ ಕೊಂಡು, ಸಾಲ ತೀರಿಸಿ, ಷೇರು ಸರ್ಟಿಫಿಕೇಟನ್ನು ಕಪಾಟಿನಲ್ಲಿಟ್ಟುಕೊಂಡಿರುವ ನಾವು, ಮಕ್ಕಳು ಮೊಮ್ಮಕ್ಕಳು ಇಲ್ಲಿಯೇ ಹುಟ್ಟಿ ಬೆಳೆದಿರುವ ನಾವು, ಇನ್ನೂ ಎಷ್ಟು ದಿನ ಪರಸ್ಥಳದವರಾಗಿರಬೇಕು? ಸಭೆಗಳಲ್ಲಿ ನಮ್ಮ ಹೆಂಗಸರು ಬಾಯಿ ಬಿಡುವುದಂತೂ ಇನ್ನೂ ಕಡಿಮೆ. ಮನೆಯ ಯಾವ ಮೂಲೆಯಲ್ಲಿ ನೀರು ಜಿನುಗುತ್ತದೆ, ಯಾವ ಗೋಡೆ ಬಿರಿದಿದೆ ಎಂದು ಮೊದಲು ತಿಳಿಯುವುದು ಅವರಿಗೇ. ಸಭೆಯಲ್ಲಿ ಅವರ ಕೆಲಸ ಚಹಾ ಹಂಚುವುದಕ್ಕೆ ನಿಲ್ಲುತ್ತದೆ. ಮನೆ ಮಾರುವಾಗ ಬೆಲೆ ಬೀಳುತ್ತದೆಂಬ ಭಯವೂ ಕೆಲವರಿಗಿದೆ. ಆ ಬಗ್ಗೆ ಹೆಚ್ಚು ಹೇಳಲಾರೆ, ಬಿರುಕನ್ನು ಮುಚ್ಚಿ ಇನ್ನೊಬ್ಬರಿಗೆ ಮಾರುವ ಯೋಚನೆಯನ್ನು ಗಟ್ಟಿಯಾಗಿ ಹೇಳಲು ಅವರಿಗೂ ಮನಸ್ಸು ಬರಲಾರದು ಎಂದು ನಂಬಿದ್ದೇನೆ.

ಸದಸ್ಯರಲ್ಲಿ ಐದನೆಯ ಒಂದು ಭಾಗದವರು ಸಹಿ ಮಾಡಿ ಕೇಳಿದರೆ ವಿಶೇಷ ಮಹಾಸಭೆಯನ್ನು ಕರೆಯಲೇಬೇಕು. ನಮ್ಮಲ್ಲಿ ಅದಕ್ಕೆ ಒಂಬತ್ತು ಸಹಿ ಬೇಕಾಗಿತ್ತು. ಒಂಬತ್ತು ಸಹಿಗೆ ನನಗೆ ಹನ್ನೊಂದು ದಿನ ಹಿಡಿಯಿತು. ಮೊದಲು ಬಾಗಿಲು ತಟ್ಟಿದ್ದು ನಮ್ಮ ಹದಿನೇಳು ಮನೆಗಳನ್ನೇ. ಯಾರೂ ನನ್ನನ್ನು ಹೊರಗೆ ನಿಲ್ಲಿಸಲಿಲ್ಲ. ಎಲ್ಲರೂ ಒಳಗೆ ಕರೆದು, ಕಾಫಿ ಕೊಟ್ಟು, ಬಿರುಕಿನ ಚಿತ್ರ ನೋಡಿ, "ನೀವು ಹೇಳುವುದು ಸರಿ ಟೀಚರೇ, ಆದರೆ ನನ್ನ ಹೆಸರು ಬೇಡ," ಎಂದರು. ಒಬ್ಬರು ತಮ್ಮ ಮನೆಯ ಬಿರುಕನ್ನೂ ತೋರಿಸಿದರು, ನನ್ನದಕ್ಕಿಂತ ಅದು ಅಗಲವಾಗಿತ್ತು, ಸಹಿ ಮಾಡಲಿಲ್ಲ. ಹದಿನೇಳು ಮನೆಗಳಿಂದ ಸಿಕ್ಕಿದ್ದು ನನ್ನದೂ ಸೇರಿ ಮೂರು ಸಹಿ. ಉಳಿದ ಆರು ಮರಾಠಿ ಮತ್ತು ಗುಜರಾತಿ ಮನೆಗಳವು. ಕೊನೆಯ ಸಹಿ ಮೂರನೆಯ ಮಹಡಿಯ ನಿವೃತ್ತ ಗಿರಣಿ ಕಾರ್ಮಿಕರದು. ಅವರ ಕೈ ನಡುಗುತ್ತದೆ. ಪೆನ್ನನ್ನು ಎರಡೂ ಕೈಯಿಂದ ಹಿಡಿದು, ಪೂರ್ತಿ ಹೆಸರನ್ನು ತಂದೆಯ ಹೆಸರಿನೊಡನೆ ನಿಧಾನವಾಗಿ ಬರೆದು, ಒಮ್ಮೆ ಓದಿ ನೋಡಿ, ಹಾಳೆಯನ್ನು ನನಗೆ ಹಿಂತಿರುಗಿಸಿದರು.

ಈ ನಡುವೆ, ದೂರನ್ನು ಹಿಂದಕ್ಕೆ ಪಡೆದರೆ ಎಲ್ಲವನ್ನೂ ನಮ್ಮನಮ್ಮಲ್ಲೇ ಸರಿಪಡಿಸಿಕೊಳ್ಳಬಹುದು, ಮನೆಯ ಮಾತನ್ನು ಬೀದಿಗೆ ತರಬೇಡಿ ಎಂದು ಸಮಿತಿಯ ಕೆಲವರು ನನ್ನಲ್ಲಿಗೆ ಬಂದು ಹೇಳಿದ್ದಾರೆ. ಅವರ ಉದ್ದೇಶವನ್ನು ಶಂಕಿಸುವುದಿಲ್ಲ. ಆದರೆ ನಮ್ಮನಮ್ಮಲ್ಲೇ ಮಾತನಾಡುವ ಅವಕಾಶ ಸೆಪ್ಟೆಂಬರಿನಲ್ಲಿತ್ತು, ಆಗ ಮಾತನಾಡಿದವಳನ್ನು ಭಾಡೇಕರು ಎಂದು ಸುಮ್ಮನಾಗಿಸಿದೆವು. ಎಂಜಿನಿಯರರ ವರದಿ ಕೈಗೆ ಬರುವವರೆಗೆ ನಾನು ದೂರನ್ನು ಹಿಂದಕ್ಕೆ ಪಡೆಯುವುದಿಲ್ಲ.

ಹೋಟೆಲಿನ ಯಜಮಾನರಿಗೆ ಇದೇ ಪತ್ರದಲ್ಲಿ ಎರಡು ಮಾತು. ಅಣ್ಣಾ, ಆಸ್ಪತ್ರೆಯ ಆ ರಾತ್ರಿಯನ್ನು ನಾನು ಮರೆತಿಲ್ಲ, ಬದುಕಿರುವವರೆಗೆ ಮರೆಯುವುದೂ ಇಲ್ಲ. ನಿಮ್ಮ ಹೋಟೆಲು ದೊಡ್ಡದಾಗಬಾರದೆಂದು ನಾನು ಬಯಸುವವಳಲ್ಲ. ನೀವು ಕಂಬವನ್ನು ಕೆತ್ತಿಸಿದ್ದು ಯಾರಿಗೂ ಕೆಡುಕು ಮಾಡಲೆಂದಲ್ಲ, ಗುತ್ತಿಗೆದಾರ ಏನೂ ಆಗುವುದಿಲ್ಲವೆಂದು ಹೇಳಿರಬೇಕು, ಮತ್ತು ಸೊಸೈಟಿಯ 23 ಜನ ಎದುರಾಡದೆ ಇದ್ದದ್ದರಿಂದ ನಿಮಗೂ ಅದು ಸರಿಯೆಂದೇ ಅನಿಸಿರಬೇಕು. ಅಂದು ನಮ್ಮಲ್ಲಿ ಒಬ್ಬರಾದರೂ "ಬೇಡ ಅಣ್ಣಾ, ಮೊದಲು ಎಂಜಿನಿಯರರಿಗೆ ತೋರಿಸಿ," ಎಂದಿದ್ದರೆ ನೀವು ತೋರಿಸುತ್ತಿದ್ದಿರಿ ಎಂದೇ ನನ್ನ ನಂಬಿಕೆ. ನಿಮ್ಮ ಹೋಟೆಲಿನ ಹದಿನಾಲ್ಕು ಹುಡುಗರು ರಾತ್ರಿ ಮಲಗುವುದು ಅದೇ ಕಂಬದ ಪಕ್ಕದ ಮಾಳಿಗೆಯಲ್ಲಿ. ಅವರ ತಂದೆತಾಯಿ ಊರಿನಲ್ಲಿ ನಿಮ್ಮ ಹೆಸರನ್ನು ನಂಬಿ ಮಲಗುತ್ತಾರೆ. ದಯವಿಟ್ಟು ಇಂದೇ ಆ ಹುಡುಗರನ್ನು ಬೇರೆ ಕಡೆ ಮಲಗಿಸುವ ವ್ಯವಸ್ಥೆ ಮಾಡಿ, ಮತ್ತು ಎಂಜಿನಿಯರರನ್ನು ಕರೆಸಿ ಆ ಕಂಬಕ್ಕೆ ಊರೆ ಕೊಡಿಸಿ. ಅದಕ್ಕೆ ಸಭೆಯ ಮಂಜೂರಾತಿ ಬೇಕಿಲ್ಲ.

ಸಮಿತಿಯಲ್ಲಿ ನನ್ನ ಬೇಡಿಕೆಗಳು ಹೀಗಿವೆ. ಪಾಲಿಕೆಯಲ್ಲಿ ನೋಂದಾಯಿತರಾದ ಸ್ಟ್ರಕ್ಚರಲ್ ಎಂಜಿನಿಯರರಿಂದ ಇಡೀ ಕಟ್ಟಡದ ಆಡಿಟ್ ಮಾಡಿಸಿ, ವರದಿಯನ್ನು ಕಪಾಟಿನಲ್ಲಿಡದೆ ಪ್ರತಿಯೊಂದು ಮನೆಗೂ ಕೊಡಬೇಕು, ಅದರ ಸಾರಾಂಶವನ್ನು ಸಭೆಯಲ್ಲಿ ಅವರ ಬಾಯಿಂದಲೇ ಹೇಳಿಸಬೇಕು. ಖರ್ಚಿಗೆ ನನ್ನ ಪಾಲನ್ನು ಮುಂಗಡವಾಗಿ ಕೊಡಲು ಸಿದ್ಧಳಿದ್ದೇನೆ. ಏಳನೆಯ ವಿಷಯದ ಎನ್‌ಒಸಿಯನ್ನು ವರದಿ ಬರುವವರೆಗೆ ಅಮಾನತಿನಲ್ಲಿಡಬೇಕು. ಕಂಬ, ಬೀಮು, ಸ್ಲ್ಯಾಬಿಗೆ ಸಂಬಂಧಿಸಿದ ಯಾವ ಕೆಲಸಕ್ಕೂ ಪಾಲಿಕೆಯ ಅನುಮತಿ ಬೇಕೇ ಬೇಕು, ಸೊಸೈಟಿಯ ಎನ್‌ಒಸಿ ಅದರ ಬದಲಿಗೆ ನಿಲ್ಲುವ ಕಾಗದವಲ್ಲ ಎಂಬುದನ್ನು ಅದರಲ್ಲಿಯೇ ಬರೆಯಬೇಕು. ಇನ್ನು ಮುಂದೆ ಯಾವ ವಿಷಯವನ್ನೂ ಕೈ ಎತ್ತಿಸದೆ, ಎಣಿಸದೆ ಸರ್ವಾನುಮತವೆಂದು ಬರೆಯಬಾರದು. ಬೇಡವೆಂದವರ, ಸುಮ್ಮನಿದ್ದವರ ಎಣಿಕೆಯೂ ಪುಸ್ತಕದಲ್ಲಿರಬೇಕು. ಭಾಡೇಕರುಗಳಿಗೆ ಮತದ ಹಕ್ಕಿಲ್ಲ, ಅದು ನಿಯಮ, ಅದನ್ನು ಬದಲಿಸಿರೆಂದು ನಾನು ಕೇಳುತ್ತಿಲ್ಲ. ಆದರೆ ಅದೇ ಸ್ಲ್ಯಾಬಿನ ಕೆಳಗೆ ಮಕ್ಕಳನ್ನು ಮಲಗಿಸುವವರು ಕಟ್ಟಡದ ಸುರಕ್ಷತೆಯ ಬಗ್ಗೆ ಪ್ರಶ್ನೆ ಕೇಳಿದರೆ ಅದನ್ನು ಬರೆದುಕೊಂಡು ಉತ್ತರಿಸುವುದಕ್ಕೆ ಯಾವ ನಿಯಮವೂ ಅಡ್ಡಬರುವುದಿಲ್ಲ.

ಕೊನೆಯದಾಗಿ ಆ ಹುಡುಗಿಯ ವಿಷಯ. ಜನವರಿಯಲ್ಲಿ ಅವಳ ಹನ್ನೊಂದು ತಿಂಗಳ ಕರಾರು ಮುಗಿಯಿತು, ಮನೆಯ ಮಾಲೀಕರು ಅದನ್ನು ಮುಂದುವರಿಸಲಿಲ್ಲ. ಕಾರಣ ಕೇಳಿದ್ದಕ್ಕೆ, ಸಭೆಯಲ್ಲಿ ಅವಳು ಮಾತನಾಡಿದ್ದು ಸರಿ ಹೋಗಲಿಲ್ಲ ಎಂದು ನನಗೇ ಹೇಳಿದರು. ಒಂದು ಭಾನುವಾರ ಬೆಳಿಗ್ಗೆ ಟೆಂಪೊ ಬಂತು. ಒಂದು ಮಂಚ, ಎರಡು ಟ್ರಂಕು, ಗ್ಯಾಸಿನ ಸಿಲಿಂಡರು, ತುಳಸಿಯ ಕುಂಡ. ನಾನು ಬಾಲ್ಕನಿಯಿಂದ ನೋಡಿದೆ, ಆಮೇಲೆ ಕೆಳಗಿಳಿದು ಹೋದೆ. ಸೆಪ್ಟೆಂಬರಿನಲ್ಲಿ ಸುಮ್ಮನಿದ್ದದ್ದಕ್ಕೆ ಕ್ಷಮಿಸಮ್ಮ ಎಂದೆ. ಅವಳು, "ಇರ್ಲಿ ಬಿಡ್ರಿ ಟೀಚರ್, ಆ ಪಿಲ್ಲರ್‌ಗೆ ಜಾಕ್ ಕೊಡಿಸ್ರಿ ಮೊದಲು," ಎಂದಳು.

ಸೆಪ್ಟೆಂಬರಿನ ಸಭೆಯ ನಡಾವಳಿಯನ್ನು ತಿದ್ದುಪಡಿ ಮಾಡಿ, ಏಳನೆಯ ವಿಷಯದಲ್ಲಿ ಒಬ್ಬ ನಿವಾಸಿ ಕಂಬದ ಸುರಕ್ಷತೆಯ ಬಗ್ಗೆ ಪ್ರಶ್ನೆ ಕೇಳಿದರೆಂದೂ ಅದಕ್ಕೆ ಹಾಜರಿದ್ದ ಯಾವ ಸದಸ್ಯರೂ ಉತ್ತರಿಸಲಿಲ್ಲವೆಂದೂ ದಾಖಲಿಸಬೇಕೆಂದು ಅಧ್ಯಕ್ಷರನ್ನು ವಿನಂತಿಸುತ್ತೇನೆ. ಹಾಜರಿದ್ದವರ ಪಟ್ಟಿಯಲ್ಲಿ ನನ್ನ ಹೆಸರಿದೆ, ಅದು ಹಾಗೆಯೇ ಇರಲಿ.

ವಿಶೇಷ ಮಹಾಸಭೆ ಫೆಬ್ರವರಿಯ ಎರಡನೆಯ ಭಾನುವಾರ ಬೆಳಿಗ್ಗೆ ಹತ್ತೂವರೆಗೆ ನಮ್ಮ ಟೆರೇಸಿನಲ್ಲಿ ನಡೆಯಲಿದೆ. ಹದಿನೇಳು ಮನೆಗಳವರೂ ಬರಬೇಕು, ಮನೆಯ ಹೆಂಗಸರೂ ಬರಬೇಕು. ಬಿರುಕುಗಳಿದ್ದರೆ ಫೋನಿನಲ್ಲಿ ಚಿತ್ರ ತೆಗೆದು ತರಬೇಕು. ಆ ಹುಡುಗಿ ಕೇಳಿದ ಪ್ರಶ್ನೆಯನ್ನೇ ನಾನು ಮೊದಲಿಗೆ ಕೇಳುತ್ತೇನೆ, ಮರಾಠಿಯಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ಇಂತಿ ತಮ್ಮ ವಿಶ್ವಾಸಿ,
ನಾಲ್ಕನೆಯ ಮಹಡಿಯ ನಿವೃತ್ತ ಶಿಕ್ಷಕಿ
ಭಾಂಡುಪ್ ಪಶ್ಚಿಮ, ಮುಂಬಯಿ